ಬೆಳೆಗಾರರ ವಾಹನ: ಮನೆಯಲ್ಲಿ ತೊಳೆಯುವ ಕ್ರಮ

ಮಹಾನವಮಿಯ ಹಿಂದಿನ ದಿನ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಯಾವ ಊರಿಗೆ ಹೋದರೂ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಮನೆಯ ಮುಂದೆ, ಬೋರಿನ ಬದಿಯಲ್ಲಿ, ಹಳ್ಳದ ದಂಡೆಯಲ್ಲಿ ಟ್ರ್ಯಾಕ್ಟರು, ಜೀಪು, ಪಿಕಪ್ಪು, ಕಾರುಗಳಿಗೆ ಅಭ್ಯಂಜನ ನಡೆದಿರುತ್ತದೆ. ಮರುದಿನ ಆಯುಧ ಪೂಜೆ. ಚೆಂಡುಹೂವಿನ ಹಾರ, ಬಾಳೆಕಂಬ, ಚಕ್ರದ ಕೆಳಗೆ ನಿಂಬೆಹಣ್ಣು. ಅದು ಮುಗಿಯಿತೆಂದರೆ ಎಷ್ಟೋ ಮನೆಗಳಲ್ಲಿ ಮುಂದಿನ ಮಹಾನವಮಿಯವರೆಗೆ ಬಕೆಟ್ಟಿಗೆ ವಿಶ್ರಾಂತಿ.

ಪೂಜೆಯ ಬಗೆಗೆ ತಕರಾರಿಲ್ಲ. ಆದರೆ ಆ ದಿನ ನಾವು ತೊಳೆಯುವುದು ಕಣ್ಣಿಗೆ ಕಾಣುವ ಭಾಗವನ್ನು ಮಾತ್ರ. ಬಾನೆಟ್ಟು, ಬಾಗಿಲು, ಗಾಜು ಹೊಳೆದರೆ ಕೆಲಸವಾಯಿತು. ಪೇಟೆಯ ಕಾರಿಗೆ ಅಷ್ಟು ಸಾಕಾದೀತು. ಅದರ ಮೇಲೆ ಕೂಡುವುದು ಬಹುಪಾಲು ಧೂಳು. ಬೆಳೆಗಾರನ ವಾಹನ ಹೊರುವ ವಸ್ತುಗಳೇ ಬೇರೆ. ಪೊಟ್ಯಾಷ್ ಚೀಲ, ಮೈಲುತುತ್ತದ ಡ್ರಮ್ಮು, ಹಸಿ ಅಡಿಕೆ ಗೊನೆ, ಕೊಟ್ಟಿಗೆ ಗೊಬ್ಬರ, ಮೆಣಸಿನಕಾಯಿ, ಜೊತೆಗೆ ತೋಟದ ಕೆಸರು. ಇವುಗಳಲ್ಲಿ ಬಹಳಷ್ಟು ಸೋರಿ, ಉದುರಿ, ಕೊನೆಗೆ ಸೇರುವುದು ವಾಹನದ ತಳಕ್ಕೆ. ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹಳೆಯ ಜೀಪೊಂದನ್ನು ಇಟ್ಟುಕೊಂಡಿದ್ದ ಕಾಲ. ವಾರಕ್ಕೊಮ್ಮೆ ತೊಳೆದು, ತಿಂಗಳಿಗೊಮ್ಮೆ ಪಾಲಿಶ್ ಹಾಕಿ, ಊರಿನಲ್ಲಿ ನನ್ನಷ್ಟು ಚೆನ್ನಾಗಿ ಗಾಡಿ ಇಟ್ಟುಕೊಂಡವರಿಲ್ಲ ಎಂಬ ಹಮ್ಮು ಬೇರೆ. ಒಂದು ಸಂಜೆ ಬ್ಯಾಡಗಿಯಿಂದ ಮರಳುವಾಗ ಹಿಂದೆ ತೋಟದ ಆಳುಗಳು ನಾಲ್ವರು ಕುಳಿತಿದ್ದರು. ಊರ ಹತ್ತಿರದ ಹಳ್ಳದ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಪೆಡಲ್ಲು ಸರ್ರನೆ ತಳಕ್ಕೆ ಹೋಯಿತು. ಗೇರು ಇಳಿಸಿ, ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಒರಸಿ ಹೇಗೋ ನಿಲ್ಲಿಸಿದೆ. ಆಳುಗಳಲ್ಲಿ ಒಬ್ಬ ಹೆಣ್ಣುಮಗಳ ಮೊಣಕೈ ಮುರಿಯಿತು. ಎರಡು ತಿಂಗಳು ಆಕೆ ಕೆಲಸಕ್ಕೆ ಬರಲಾಗಲಿಲ್ಲ. ಖರ್ಚನ್ನು ನಾನು ಕೊಟ್ಟೆ, ಕೂಲಿಯನ್ನೂ ಕೊಟ್ಟೆ. ಆದರೂ ಆಕೆಯ ಮನೆಯ ಮುಂದೆ ಹಾದುಹೋಗುವಾಗ ತಲೆ ಎತ್ತಿ ನೋಡಲು ಬಹಳ ದಿನ ಆಗಲಿಲ್ಲ.

ಮರುದಿನ ಮಿಸ್ತ್ರಿ ಗಾಡಿಯ ಕೆಳಗೆ ಹೋಗಿ, ಛಾಸಿಯ ಬದಿಗೆ ಹಾದುಹೋಗುವ ಬ್ರೇಕ್ ಎಣ್ಣೆಯ ಕೊಳವೆಯನ್ನು ತೋರಿಸಿದ. ಅದರ ಮೇಲೆ ಎರಡು ಬೆರಳು ದಪ್ಪ ಮಣ್ಣು ಮೆತ್ತಿತ್ತು. ಮಣ್ಣು ಕೆರೆದರೆ ಕೊಳವೆ ಹೆಬ್ಬೆರಳಿನ ಒತ್ತಿಗೇ ಪುಡಿಯಾಯಿತು. ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಎಣ್ಣೆಯ ದಾರಿ. ಒಂದು ಕಡೆ ಒಡೆದರೆ ನಾಲ್ಕೂ ಹೋದವು. ಈಗಿನ ವಾಹನಗಳಲ್ಲಿ ಎರಡು ಪ್ರತ್ಯೇಕ ದಾರಿಗಳಿರುವುದರಿಂದ ಅರ್ಧ ಬ್ರೇಕಾದರೂ ಉಳಿಯುತ್ತದೆ. ಆದರೆ ತುಂಬಿದ ಪಿಕಪ್ಪಿಗೆ ಅರ್ಧ ಬ್ರೇಕು ಎಂದರೆ ಎಷ್ಟು ಧೈರ್ಯ ಎಂಬುದನ್ನು ಓಡಿಸುವವರೇ ಹೇಳಬೇಕು.

ಕಬ್ಬಿಣವನ್ನು ತಿನ್ನುವ ವಸ್ತುಗಳು

ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ಕಾರವಾರ, ಕುಮಟಾ ಕಡೆಯ ಗಾಡಿಗಳಿಗೆ ಹಿಡಿಯುವಂಥ ತುಕ್ಕು ನಮ್ಮ ಗಾಡಿಗೇಕೆ ಹಿಡಿಯಬೇಕು ಎಂದು ಆ ದಿನ ಮಿಸ್ತ್ರಿಯನ್ನು ಕೇಳಿದೆ. ಅವನು ಗಾಡಿಯ ಹಿಂಭಾಗದ ಮೂಲೆಯಲ್ಲಿ ಉಳಿದಿದ್ದ ಕೆಂಪು ಹರಳುಗಳನ್ನು ಬೆರಳಲ್ಲಿ ಎತ್ತಿ ತೋರಿಸಿದ. ಪೊಟ್ಯಾಷ್!

ಅಡುಗೆ ಉಪ್ಪು ಸೋಡಿಯಂ ಕ್ಲೋರೈಡು. ನಾವು ತೋಟಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಪೊಟ್ಯಾಸಿಯಂ ಕ್ಲೋರೈಡು. ಇವೆರಡೂ ಅಣ್ಣತಮ್ಮಂದಿರು. ಕಬ್ಬಿಣಕ್ಕೆ ಕಾಟ ಕೊಡುವುದು ಎರಡರಲ್ಲೂ ಇರುವ ಕ್ಲೋರೈಡೇ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ನಮ್ಮ ಸದಸ್ಯರಿಗೆ ಗೊತ್ತಿರುವುದೇ. ಮ್ಯೂರಿಯೇಟಿನಲ್ಲಿ ಪೊಟ್ಯಾಷ್ ಅಂಶ ನೂರಕ್ಕೆ 60. ಆ ಲೆಕ್ಕದಲ್ಲಿ ಮರಕ್ಕೆ ಸುಮಾರು 233 ಗ್ರಾಂ, ಸಾವಿರ ಮರದ ತೋಟಕ್ಕೆ 233 ಕಿಲೋ, ಅಂದರೆ 50 ಕಿಲೋ ಚೀಲ ಐದಕ್ಕೆ ಸ್ವಲ್ಪ ಕಡಿಮೆ. ಪ್ರತಿ ವರ್ಷ ಇಷ್ಟು ಉಪ್ಪು ನಮ್ಮ ಗಾಡಿಯಲ್ಲಿ ಪ್ರಯಾಣ ಮಾಡುತ್ತದೆ. ಒಂದು ಚೀಲದ ಹೊಲಿಗೆ ಬಿಚ್ಚಿಕೊಂಡರೂ ಸಾಕು. ಉದುರಿದ ಹರಳು ಮಳೆಗಾಲದ ತೇವಕ್ಕೆ ಕರಗಿ, ತಗಡಿನ ಸಂದುಗಳಲ್ಲಿ ಇಳಿದು, ಕೆಳಗಿನ ಮಣ್ಣಿನಲ್ಲಿ ಸೇರಿಕೊಳ್ಳುತ್ತದೆ. ಯೂರಿಯಾ ಕೂಡ ಗಾಳಿಯ ತೇವವನ್ನು ಹೀರಿ ಆ ಜಾಗವನ್ನು ಒದ್ದೆಯಾಗಿಯೇ ಇಡುತ್ತದೆ.

ಎರಡನೆಯದು ಮೈಲುತುತ್ತ. ಬೋರ್ಡೋ ಮಿಶ್ರಣ ತಯಾರಿಸುವಾಗ ನಾವು ಕತ್ತಿಯ ಅಲಗನ್ನೋ ಕಬ್ಬಿಣದ ಮೊಳೆಯನ್ನೋ ಅದ್ದಿ ನೋಡುತ್ತೇವೆ. ಅದರ ಮೇಲೆ ಕೆಂಪು ತಾಮ್ರದ ಲೇಪ ಕೂತರೆ ಸುಣ್ಣ ಸಾಲದು ಎಂದು ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತೇವೆ. ಆ ಪರೀಕ್ಷೆಯಲ್ಲಿ ನಡೆಯುವುದೇನು? ದ್ರಾವಣದ ತಾಮ್ರ ಹೊರಬಂದು ಕಬ್ಬಿಣದ ಮೇಲೆ ಕೂರುತ್ತದೆ, ಅದರ ಬದಲಿಗೆ ಕಬ್ಬಿಣ ಕರಗಿ ದ್ರಾವಣಕ್ಕೆ ಹೋಗುತ್ತದೆ. ಗಾಡಿಯ ತಗಡಿನ ಮೇಲೆ ಮೈಲುತುತ್ತದ ನೀರು ಚೆಲ್ಲಿದಾಗಲೂ ಇದೇ ನಡೆಯುತ್ತದೆ. ಸರಿಯಾಗಿ ತಯಾರಾದ ಮಿಶ್ರಣದಿಂದ ಈ ಕಾಟ ಕಡಿಮೆ. ಅದರಿಂದ ಬಣ್ಣದ ಮೇಲೆ ಸುಣ್ಣದ ಚುಕ್ಕೆ ಉಳಿಯುವುದಷ್ಟೇ. ಆದರೆ ಕೆಲವರು ಸುಣ್ಣ ಬೆರೆಸುವ ಮುಂಚಿನ ತುತ್ತದ ನೀರನ್ನೇ ಡ್ರಮ್ಮಿನಲ್ಲಿ ತುಂಬಿ ಗಾಡಿಯಲ್ಲಿ ತೋಟಕ್ಕೆ ಒಯ್ಯುತ್ತಾರೆ. ಅದು ಕೂಡದು. ತುತ್ತವನ್ನು ಒಣದಾಗಿಯೇ ಒಯ್ದು ತೋಟದಲ್ಲಿ ಕರಗಿಸಿಕೊಳ್ಳಬೇಕು.

ಮೂರನೆಯದು ಮಣ್ಣು. ಮಸಾರಿ ಮಣ್ಣು ಒಣಗಿದರೆ ಉದುರುತ್ತದೆ, ಅದರ ಚಿಂತೆ ಅಷ್ಟಿಲ್ಲ. ಎರೆ ಮಣ್ಣು ಹಾಗಲ್ಲ. ನೀರು ಕುಡಿದು ಉಬ್ಬುವುದು, ಒಣಗಿದರೆ ಕಲ್ಲಾಗುವುದು ಅದರ ಗುಣ. ಚಕ್ರದ ಮೇಲಿನ ಕಮಾನಿನೊಳಗೆ ಒಮ್ಮೆ ಮೆತ್ತಿಕೊಂಡರೆ ಮೇಲೆ ಒಣಗಿದ್ದರೂ ಒಳಗೆ ತಿಂಗಳುಗಟ್ಟಲೆ ತೇವ ಇರುತ್ತದೆ. ಅದರಲ್ಲಿ ಪೊಟ್ಯಾಷ್ ಸೇರಿದರೆ ಉಪ್ಪಿನಕಾಯಿ ಭರಣಿಯಲ್ಲಿ ಕಬ್ಬಿಣ ಇಟ್ಟ ಹಾಗೆ. ಮಲೆನಾಡಿನ ಕಾಫಿ ಬೆಳೆಗಾರರ ಕಷ್ಟ ಸ್ವಲ್ಪ ಬೇರೆ. ಅವರ ಜೀಪುಗಳಲ್ಲಿ ಹಣ್ಣು ಕಾಫಿಯ ಚೀಲದಿಂದ ಸೋರುವ ರಸ ಹುಳಿತು ಆಮ್ಲವಾಗುತ್ತದೆ. ಅದನ್ನು ಅದೇ ದಿನ ತೊಳೆದರೆ ಮುಗಿಯಿತು.

ಅಡಿಕೆಯ ಚೊಗರಿನ ಕರೆಯ ಬಗ್ಗೆಯೂ ಒಂದು ಮಾತು. ಚೊಗರು ಬಿದ್ದ ಬರಿಯ ಕಬ್ಬಿಣ ಶಾಯಿಯಂತೆ ಕಪ್ಪಾಗುತ್ತದೆ. ನೋಡಲು ಹೆದರಿಕೆಯಾದರೂ ಇದು ತುಕ್ಕಲ್ಲ, ಚೊಗರಿನ ಟ್ಯಾನಿನ್ನು ಕಬ್ಬಿಣದೊಡನೆ ಕೂಡಿ ಆದ ಬಣ್ಣ. ತುಕ್ಕು ತಡೆಯಲೆಂದು ಅಂಗಡಿಯಲ್ಲಿ ಮಾರುವ ಕೆಲವು ದ್ರಾವಣಗಳಲ್ಲಿ ಇರುವುದೂ ಟ್ಯಾನಿಕ್ ಆಮ್ಲವೇ. ಹಾಗೆಂದು ಚೊಗರಿನ ಹಂಡೆಯನ್ನೇ ಗಾಡಿಗೆ ಬಳಿಯಲು ಹೊರಡಬೇಡಿ!

ತಳದಿಂದ ಆರಂಭಿಸಬೇಕು

ಬಹಳ ಮಂದಿ ಮೇಲ್ಭಾಗ ಮೊದಲು ತೊಳೆದು, ಆಮೇಲೆ ಉತ್ಸಾಹ ಉಳಿದರೆ ಚಕ್ರಕ್ಕೆ ನಾಲ್ಕು ಚೊಂಬು ನೀರು ಹೊಯ್ಯುತ್ತಾರೆ. ತೋಟದ ಗಾಡಿಗೆ ಈ ಕ್ರಮ ತಿರುಗಾಮುರುಗಾ ಆಗಬೇಕು. ತಳದ ಕೆಸರು ಸಿಡಿದು ಮೇಲೆ ಹಾರುವುದರಿಂದ ಅದನ್ನೇ ಮೊದಲು ಮುಗಿಸುವುದು ಲೇಸು.

ಎರೆ ಮಣ್ಣನ್ನು ಒಣಗಿರುವಾಗ ಕುಡುಗೋಲಿನಿಂದಲೋ ಕಬ್ಬಿಣದ ಪಟ್ಟಿಯಿಂದಲೋ ಕೆರೆಯಬಾರದು. ಮಣ್ಣಿನ ಜೊತೆಗೆ ಬಣ್ಣವೂ ಬರುತ್ತದೆ. ಹಳೆಯ ಗೋಣಿತಟ್ಟನ್ನು ನೀರಲ್ಲಿ ಅದ್ದಿ ಕಮಾನಿನೊಳಗೆ ತುರುಕಿ ಕಾಲು ಗಂಟೆ ಬಿಡಿ. ಮಣ್ಣು ಉಬ್ಬಿ ತಾನಾಗಿ ಸಡಿಲವಾಗುತ್ತದೆ. ಆಮೇಲೆ ಮರದ ಚಕ್ಕೆಯಿಂದ ಹೆಂಟೆ ಹೆಂಟೆಯಾಗಿ ಕೆಡವಬಹುದು. ಈ ಕಾಲು ಗಂಟೆಯ ತಾಳ್ಮೆ ನಾಲ್ಕು ಬಕೆಟ್ ನೀರನ್ನು ಉಳಿಸುತ್ತದೆ.

ಉಳಿದ ಮಣ್ಣಿಗೆ ಔಷಧ ಸಿಂಪಡಿಸುವ ಎಚ್‌.ಟಿ.ಪಿ. ಪಂಪು ಸೊಗಸಾಗಿ ಒದಗುತ್ತದೆ. ಇದಕ್ಕೆಂದು ಬೇರೆ ಯಂತ್ರ ಕೊಳ್ಳಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆ: ಪಂಪಿನಲ್ಲಿ, ಪೈಪಿನಲ್ಲಿ ಬೋರ್ಡೋ ಅಥವಾ ಕಳೆನಾಶಕದ ಶೇಷ ಇದ್ದೇ ಇರುತ್ತದೆ. ಮೊದಲು ಬರಿಯ ನೀರು ಹಾಯಿಸಿ, ಆ ನೀರನ್ನು ಕುಡಿಯುವ ಬಾವಿಯಿಂದ, ದನಕರು ನೀರು ಕುಡಿಯುವ ಜಾಗದಿಂದ ದೂರ ಬಿಟ್ಟು, ಆಮೇಲೆ ಗಾಡಿಯತ್ತ ತಿರುಗಿಸಬೇಕು. ಬಂದೂಕನ್ನು ತಗಡಿಗೆ ಒಂದು ಮೊಳ ದೂರ ಹಿಡಿಯಿರಿ. ಹತ್ತಿರ ಹಿಡಿದರೆ ಹಳೆಯ ಬಣ್ಣ ಕಿತ್ತು ಬರುತ್ತದೆ, ಬೇರಿಂಗಿನ ರಬ್ಬರು ಮುಚ್ಚಳದ ಒಳಗೆ ನೀರು ನುಗ್ಗುತ್ತದೆ.

ಜಾಕಿ ಎತ್ತಿ ಅದರ ಕೆಳಗೆ ನುಸುಳುವುದು ಎಂದೂ ಕೂಡದು. ಎರಡು ಮುಂಚಕ್ರಗಳನ್ನು ಹತ್ತಿಸಲು ಕಲ್ಲು-ಸಿಮೆಂಟಿನ ಇಳಿಜಾರು ಕಟ್ಟೆ ಎರಡು ಕಟ್ಟಿಸಿಕೊಂಡರೆ ಜನ್ಮಕ್ಕಾಯಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬದಿಯಿಂದ ಬಗ್ಗಿ ನೋಡಿದರೆ ಛಾಸಿಯ ಬಹುಭಾಗ ಕಾಣುತ್ತದೆ. ಆಗ ಬ್ರೇಕಿನ ಕೊಳವೆಯ ಮೇಲೆ ಒಮ್ಮೆ ಬಟ್ಟೆ ಎಳೆದು ನೋಡಿ. ಕಂದು ಪುಡಿ ಉದುರಿದರೆ, ಮೇಲ್ಮೈ ಚಕ್ಕೆ ಚಕ್ಕೆಯಾಗಿ ಎದ್ದಿದ್ದರೆ ಆ ವಾರವೇ ಮಿಸ್ತ್ರಿಗೆ ತೋರಿಸಬೇಕು. ಇಷ್ಟನ್ನು ಅಂದು ನಾನು ಮಾಡಿದ್ದರೆ ಆ ಹೆಣ್ಣುಮಗಳ ಕೈ ಮುರಿಯುತ್ತಿರಲಿಲ್ಲ.

ಬಾಗಿಲುಗಳ ಕೆಳಅಂಚಿನಲ್ಲಿ ಸಣ್ಣ ತೂತುಗಳಿವೆ. ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೊರಹೋಗಲು ಕಂಪನಿಯವರು ಬಿಟ್ಟ ದಾರಿ ಅದು. ಮಣ್ಣು ಕಟ್ಟಿದರೆ ಬಾಗಿಲೊಳಗೆ ನೀರು ನಿಂತು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಬಣ್ಣ ಗುಳ್ಳೆ ಎದ್ದಾಗ ಕಾಲ ಮಿಂಚಿರುತ್ತದೆ. ಪೊರಕೆಯ ಕಡ್ಡಿಯೊಂದು ಸಾಕು, ಚುಚ್ಚಿ ಬಿಡಿಸಿ. ವೈಪರಿನ ಕೆಳಗಿನ ಗುಂಡಿಯಲ್ಲಿ ಕೂಡುವ ಬೇವಿನ ಎಲೆ, ಹುಣಸೆ ಎಲೆಗಳನ್ನೂ ಕೈಯಿಂದ ತೆಗೆಯಬೇಕು.

ತಳಕ್ಕೆ ಹಳೆಯ ಎಂಜಿನ್ ಎಣ್ಣೆ ಬಳಿಯುವ ರೂಢಿ ಇನ್ನೂ ಇದೆ. ಇದನ್ನು ನಾನು ಒಪ್ಪುವುದಿಲ್ಲ. ಎಣ್ಣೆ ತಾಗಿದ ರಬ್ಬರು ಬುಷ್‌ಗಳು ಉಬ್ಬಿ ಕೆಡುತ್ತವೆ, ಧೂಳು ಇನ್ನಷ್ಟು ಅಂಟುತ್ತದೆ, ಸೋರಿದ ಎಣ್ಣೆ ತೋಟದ ಮಣ್ಣಿಗೆ ಸೇರುತ್ತದೆ. ತುಕ್ಕು ಕಂಡ ಜಾಗವನ್ನು ತಂತಿಬ್ರಷ್‌ನಿಂದ ಉಜ್ಜಿ, ಒಣಗಿಸಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೊಂದು ಕೈ ಬಣ್ಣ ಕೊಟ್ಟರೆ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಗೊಬ್ಬರ ಸಾಗಣೆ ಮುಗಿದಾಗ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಪೇಟೆಯ ಸರ್ವಿಸ್ ಸ್ಟೇಷನ್ನಿನಲ್ಲಿ ಗಾಡಿಯನ್ನು ಮೇಲಕ್ಕೆತ್ತಿಸಿ ತಳ ತೊಳೆಸುವುದು ದುಂದಲ್ಲ. ಉಳಿದದ್ದೆಲ್ಲ ಮನೆಯಲ್ಲೇ ಆಗುತ್ತದೆ.

ಮೇಲ್ಭಾಗ

ಇದರಲ್ಲಿ ಹೇಳುವುದು ಕಡಿಮೆ. ಬಿಸಿಲಲ್ಲಿ ತೊಳೆಯಬಾರದು. ಕಾದ ತಗಡಿನ ಮೇಲೆ ನೀರು ಆರಿ ಬೋರಿನ ಗಡಸು ನೀರಿನ ಸುಣ್ಣದಂಶ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಬೆಳಗ್ಗೆ ಅಥವಾ ಇಳಿಹೊತ್ತು ಒಳ್ಳೆಯದು. ಒಣಧೂಳನ್ನು ಬಟ್ಟೆಯಿಂದ ಒರೆಸುವುದು ಗಾಡಿಗೆ ಮರಳುಕಾಗದ ಹಾಕಿದಂತೆ. ಮೊದಲು ನೀರು ಹಾಯಿಸಿ ಧೂಳು ಇಳಿಸಿ, ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಬಟ್ಟೆಯನ್ನು ಪ್ರತಿ ಸಲ ಬರಿಯ ನೀರಲ್ಲಿ ಜಾಲಾಡಿ ಆಮೇಲೆ ಸೋಪಿಗೆ ಅದ್ದಬೇಕು. ಮೇಲ್ಛಾವಣಿಯಿಂದ ಕೆಳಕ್ಕೆ ಬರಬೇಕು. ಚಕ್ರಕ್ಕೆ ಬಳಸಿದ ಬಟ್ಟೆ ಬಾಗಿಲಿಗೆ ಬರಕೂಡದು.

ಬಟ್ಟೆ ಒಗೆಯುವ ಪುಡಿ ಬೇಡ. ಅದರ ಕ್ಷಾರ ಮೇಣದ ಪದರವನ್ನು ತೆಗೆದು ಬಣ್ಣವನ್ನು ಮಂಕು ಮಾಡುತ್ತದೆ. ಅಂಗಡಿಯ ವಾಹನ ಶಾಂಪೂ ಬಕೆಟ್ಟಿಗೆ ಒಂದು ಮುಚ್ಚಳ ಸಾಕು. ಅದಿಲ್ಲದಿದ್ದರೆ ಅಂಟುವಾಳದ ಕಾಯಿ ನೆನೆಸಿ ಸೋಸಿದ ನೊರೆನೀರು ಸೌಮ್ಯವಾಗಿ ಕೆಲಸ ಮಾಡುತ್ತದೆ. ಸೀಮೆಎಣ್ಣೆ, ಡೀಸೆಲ್ ಹಚ್ಚಿ ಹೊಳಪು ತರಿಸುವವರು ಆ ಹೊಳಪಿನ ಮೇಲೆ ಸಂಜೆಯೊಳಗೆ ಎಷ್ಟು ಧೂಳು ಕೂತಿದೆ ಎಂದು ನೋಡಿಕೊಳ್ಳಲಿ. ಸುಣ್ಣದ ಚುಕ್ಕೆಗೆ ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು ಬೆರೆಸಿ ಮೆತ್ತಗೆ ಒರೆಸಿ ಕೂಡಲೆ ತೊಳೆಯಬೇಕು, ಬಣ್ಣ ಹೋದ ಬರಿ ಕಬ್ಬಿಣಕ್ಕೆ ತಾಗಿಸಬಾರದು. ಹೆದ್ದಾರಿಯಲ್ಲಿ ರಾತ್ರಿ ಬಂದಾಗ ಮುಂಗಾಜಿಗೆ ಅಂಟಿದ ಹುಳುಗಳ ಮೇಲೆ ಒದ್ದೆ ಬಟ್ಟೆ ಹತ್ತು ನಿಮಿಷ ಹಾಸಿದರೆ ಸಾಕು, ಉಜ್ಜುವ ಗೋಜಿಲ್ಲ.

ಮೇಣದ ಪಾಲಿಶ್ ಮೂರು ನಾಲ್ಕು ತಿಂಗಳಿಗೊಮ್ಮೆ ಹಾಕಿದರೆ ಹೆಚ್ಚಾಯಿತು. ಕಾಂಪೌಂಡ್ ಎಂದು ಮಾರುವುದು ಮಾತ್ರ ಬೇರೆ ವಸ್ತು. ಅದು ಬಣ್ಣವನ್ನೇ ತೆಳ್ಳಗೆ ಉಜ್ಜಿ ತೆಗೆಯುತ್ತದೆ. ಕಾರಿನ ಬಣ್ಣದ ಎಲ್ಲ ಪದರ ಸೇರಿದರೂ ದಪ್ಪ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ತಿಂಗಳಿಗೊಮ್ಮೆ ಉಜ್ಜಿದರೆ ಉಳಿಯುವುದೇನು?

ಒಳಭಾಗ ಮತ್ತು ಖಾರ

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದು ಬಂದ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿದವರಿಗೆ ಈ ಭಾಗ ವಿವರಿಸಬೇಕಿಲ್ಲ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎನ್ನುತ್ತಾರೆ. ಸೀಟಿನ ಬಟ್ಟೆಗೆ ಹತ್ತಿದಾಗ ಅದರ ಬಣ್ಣದ ಹೆಚ್ಚುಗಾರಿಕೆ ಗೊತ್ತಾಗುತ್ತದೆ; ಸೀನು ಬಂದಾಗ ಖಾರ ಕಡಿಮೆ ಎಂಬ ಮಾತು ಮರೆಯುತ್ತದೆ.

ಮೆಣಸಿನಕಾಯಿಯ ಖಾರವೂ ಬಣ್ಣವೂ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತವೆ. ಆದ್ದರಿಂದ ಮೊದಲೇ ನೀರು ಹಾಕಿದರೆ ಪುಡಿ ಕೆಸರಾಗಿ ಸಂದುಗಳಿಗೆ ಸೇರುತ್ತದೆ. ಎಲ್ಲ ಬಾಗಿಲು ತೆರೆದು, ಗಾಳಿಗೆ ಬೆನ್ನು ಮಾಡಿ, ಮೂಗಿಗೆ ವಸ್ತ್ರ ಕಟ್ಟಿಕೊಂಡು, ಒಣಗಿರುವಾಗಲೇ ಗುಡಿಸಿ ತೆಗೆಯಿರಿ. ಕಾಲಡಿಯ ಹಾಸನ್ನು ಹೊರಗೆ ಬಡಿಯಿರಿ. ಆಮೇಲೆ ಸೋಪಿನ ನೀರಿನ ಹಿಂಡಿದ ಬಟ್ಟೆಯಿಂದ ಎರಡು ಸಲ ಒರೆಸಬೇಕು. ಉಳಿದ ಕೆಂಪು ಕರೆಗೆ ಬಿಸಿಲೇ ಮದ್ದು: ಬಾಗಿಲು ತೆರೆದು ನಾಲ್ಕಾರು ದಿನ ಬಿಸಿಲು ಬೀಳಿಸಿದರೆ ಬಣ್ಣ ತಾನಾಗಿ ಇಳಿಯುತ್ತದೆ. ಕೈ ಉರಿದರೆ ಮೊದಲು ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಅಲ್ಲಿಯವರೆಗೆ ಕಣ್ಣು ಮುಟ್ಟಬಾರದು. ಏಸಿ ಇರುವ ಗಾಡಿಯಾದರೆ ಗಾಳಿ ಸೋಸುವ ಫಿಲ್ಟರನ್ನು ತೆಗೆದು ಕೊಡವಲೇಬೇಕು. ಇಲ್ಲದಿದ್ದರೆ ಮುಂದಿನ ಮದುವೆಗೆ ಹೋಗುವಾಗ ಇಡೀ ಸಂಸಾರ ಕೆಮ್ಮುತ್ತ ಹೋಗಬೇಕಾದೀತು.

ಗೊಬ್ಬರ ಸಾಗಿಸುವಾಗ ಹಿಂಭಾಗದಲ್ಲಿ ದಪ್ಪ ತಾಡಪಾಲು ಹಾಸಿ, ಇಳಿಸಿದ ಮೇಲೆ ಅದನ್ನು ಹರಳುಗಳ ಸಮೇತ ಮಡಚಿ ತೋಟದಲ್ಲೇ ಕೊಡವಿದರೆ ಉದುರಿದ ಗೊಬ್ಬರವೂ ಮರಕ್ಕೇ ಹೋಗುತ್ತದೆ. ಎಂಜಿನ್ನಿಗೆ ಪೈಪಿನಿಂದ ನೀರು ಹೊಡೆಯುವ ಚಾಳಿಯನ್ನು ಹಳೆಯ ಜೀಪಿನೊಂದಿಗೇ ಬಿಟ್ಟುಬಿಡಬೇಕು. ಈಗಿನ ಗಾಡಿಗಳಲ್ಲಿ ವಿದ್ಯುನ್ಮಾನ ಪೆಟ್ಟಿಗೆಗಳಿವೆ, ಒದ್ದೆಯಾದರೆ ದುಬಾರಿ. ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು.

ನೀರಿನ ಲೆಕ್ಕ

ನಿಮ್ಮ ಪೈಪಿನಿಂದ 15 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕೆಂದು ಒಮ್ಮೆ ಗಡಿಯಾರ ಹಿಡಿದು ನೋಡಿ. ಒಂದು ನಿಮಿಷ ಹಿಡಿದರೆ, ಇಪ್ಪತ್ತು ನಿಮಿಷದ ತೊಳೆತಕ್ಕೆ 300 ಲೀಟರು ಹೋಯಿತು. ಹನಿ ನೀರಾವರಿಯಲ್ಲಿ ಬೇಸಿಗೆಯ ದಿನವೊಂದಕ್ಕೆ ಅಡಿಕೆ ಮರಕ್ಕೆ ಬೇಕಾಗುವುದು 16ರಿಂದ 20 ಲೀಟರು. ಅಂದರೆ ಒಂದು ಗಾಡಿಯ ಸ್ನಾನಕ್ಕೆ ಹದಿನೈದು ಮರಗಳು ಒಂದು ದಿನದ ನೀರು ಬಿಟ್ಟುಕೊಟ್ಟಂತೆ. ಎರಡು ಬಕೆಟ್ಟಿನ ಕ್ರಮದಲ್ಲಿ ನಾಲ್ಕೈದು ಬಕೆಟ್, ಹೆಚ್ಚೆಂದರೆ 75 ಲೀಟರಿನಲ್ಲಿ ಕಾರಿನ ಮೇಲ್ಭಾಗ ಸ್ವಚ್ಛವಾಗುತ್ತದೆ. 2023ರ ಬರದ ಮರುವರ್ಷ, 2024ರ ಮಾರ್ಚಿಯಲ್ಲಿ, ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನಮ್ಮಲ್ಲಿ ದಂಡ ಹಾಕುವವರಿಲ್ಲ, ಬತ್ತಿದ ಬೋರೇ ದಂಡ ಹಾಕುತ್ತದೆ.

ಹಾಗೆಂದು ಗಾಡಿಯನ್ನು ಹೊಳೆಗೆ ಇಳಿಸುವುದೂ ಪರಿಹಾರವಲ್ಲ. ವರದಾ, ತುಂಗಭದ್ರೆಯ ದಡದಲ್ಲಿ, ಹಾವೇರಿಯ ಹೆಗ್ಗೇರಿಯಂಥ ಕೆರೆಗಳಲ್ಲಿ ಗಾಡಿ ತೊಳೆದರೆ ಎಣ್ಣೆ, ಗ್ರೀಸು, ಔಷಧದ ಶೇಷ ಎಲ್ಲವೂ ಜನ-ದನ ಕುಡಿಯುವ ನೀರಿಗೆ ಸೇರುತ್ತವೆ. 1974ರ ಜಲ ಮಾಲಿನ್ಯ ತಡೆ ಕಾಯಿದೆ ಹರಿಯುವ ನೀರಿಗೆ ಹೊಲಸು ಬಿಡುವುದನ್ನು ನಿಷೇಧಿಸಿದೆ. ಮೇಲಾಗಿ ಹೊಳೆಯ ನೀರಲ್ಲಿ ನಿಲ್ಲಿಸಿದ ಗಾಡಿಯ ಆಕ್ಸಲ್ಲಿನೊಳಗೆ ನೀರು ಹೊಕ್ಕು ಎಣ್ಣೆ ಕೆಡುವುದುಂಟು. ಜಲ್ಲಿ ಹಾಸಿದ ಅಥವಾ ಹುಲ್ಲು ಬೆಳೆದ, ಬಾವಿಯಿಂದ ದೂರದ ಜಾಗ ಆರಿಸಿಕೊಳ್ಳಿ. ಮಾಳಿಗೆಯ ಮಳೆನೀರು ಹಿಡಿದಿಟ್ಟಿದ್ದರೆ ಕೊನೆಯ ಜಾಲಾಟಕ್ಕೆ ಅದನ್ನೇ ಬಳಸಿ, ಚುಕ್ಕೆ ಕೂಡುವುದಿಲ್ಲ.

ತೊಳೆದು ಮುಗಿದ ಕೂಡಲೆ ಗಾಡಿಯನ್ನು ಶೆಡ್ಡಿಗೆ ಹಾಕಬೇಡಿ. ಒಂದು ಫರ್ಲಾಂಗು ನಿಧಾನವಾಗಿ ಓಡಿಸಿ, ಮೆಲ್ಲಗೆ ನಾಲ್ಕು ಸಲ ಬ್ರೇಕು ಒತ್ತಿ. ಡ್ರಮ್ಮಿನ ನೀರು ಆರಿಹೋಗುತ್ತದೆ, ಪೆಡಲ್ಲು ಎಷ್ಟು ಇಳಿಯುತ್ತದೆ ಎಂಬುದೂ ಕಾಲಿಗೆ ತಿಳಿಯುತ್ತದೆ. ಒದ್ದೆಯಿರುವಾಗ ಹ್ಯಾಂಡ್ ಬ್ರೇಕು ಎಳೆದು ನಿಲ್ಲಿಸಿದರೆ ಬೆಳಗಾಗುವುದರೊಳಗೆ ಲೈನರು ಡ್ರಮ್ಮಿಗೆ ಕಚ್ಚಿಕೊಂಡಿರುತ್ತದೆ. ಆ ರಾತ್ರಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಮಹಾನವಮಿಯ ಪೂಜೆಯಾದ ಮೇಲೆ ಬಾಳೆಕಂಬವನ್ನು ಮರುದಿನವೇ ಬಿಚ್ಚಬೇಕು, ಅದರ ರಸದ ಕಂದು ಕರೆ ಒಣಗಿದರೆ ಬಿಡುವುದಿಲ್ಲ. ಹಾವೇರಿಯ ಏಲಕ್ಕಿ ಹಾರವನ್ನು ಗಾಡಿಗೆ ಯಾರೂ ಹಾಕುವುದಿಲ್ಲವಾದ್ದರಿಂದ ಚೆಂಡುಹೂವಿನ ಮಾತಷ್ಟೇ ಸಾಕು. ಮಳೆ ಬಂದು ನೆನೆದರೆ ಅದೂ ಬಿಳಿ ಬಾನೆಟ್ಟಿನ ಮೇಲೆ ಹಳದಿ ಬಿಡುತ್ತದೆ. ಕುಂಕುಮವನ್ನು ಒಣಬಟ್ಟೆಯಿಂದ ಕೊಡವಿ, ಆಮೇಲೆ ನೀರು ಹಾಕಿ.